ಹಳೇ ಎಕ್ಸ್‌ಬಾಕ್ಸ್ 360, "ರೆಡ್ ಲೈಟ್ ರಿಪೇರಿ ಆಗಿದೆ" ಅಂತಿದಾರೆ, ತಗೋಬಹುದಾ?

ಚುರುಮುರಿ_ಗೇಮರ್
ಗುರುಗಳೇ ಒಂದು ಸಲಹೆ ಬೇಕಿತ್ತು. ಒಬ್ರು ಬಿಳಿ ಎಕ್ಸ್‌ಬಾಕ್ಸ್ 360, ಆ ದಪ್ಪ ಮಾಡೆಲ್ಲು, ಎರಡು ಕಂಟ್ರೋಲರ್ ಮತ್ತೆ 120 ಜಿಬಿ ಹಾರ್ಡ್‌ಡಿಸ್ಕ್ ಸಮೇತ 4000ಕ್ಕೆ ಕೊಡ್ತೀನಿ ಅಂತಿದಾರೆ. ಮುಂಚೆ ಮೂರು ಕೆಂಪು ಲೈಟ್ ಬಂದಿತ್ತಂತೆ, ಯಾವ್ದೋ ಅಂಗಡೀಲಿ ಹೀಟ್ ಗನ್ ಹಿಡಿಸಿದ್ಮೇಲೆ ಸರಿಯಾಗಿದ್ಯಂತೆ, ನಾನು ಹೋದಾಗ ಆನ್ ಮಾಡಿ ಇಟ್ಟಿದ್ರು, ಗೇಮೂ ಚೆನ್ನಾಗೇ ಓಡ್ತು. ಅದು ಬರೀ ಓವರ್‌ಹೀಟ್ ಪ್ರಾಬ್ಲಮ್ಮು, ಧೂಳು ತೆಗೀತಾ ಇದ್ರೆ ಸಾಕು ಅಂತ ಫ್ರೆಂಡ್ ಹೇಳ್ತಾನೆ. ನಿಜಾನಾ?

ಬೋರ್ಡ್_ಬಿಚ್ಚೋನು
ಆನ್ ಮಾಡಿ ಇಟ್ಟಿದ್ರು ಅಂದ್ರಲ್ಲ, ಅಲ್ಲೇ ನಂಗೆ ಡೌಟು. ಬಿಸಿ ಇರೋವಾಗ ಬಿರುಕು ಬಿಟ್ಟಿರೋ ಕನೆಕ್ಷನ್ನೂ ಕೆಲವೊಮ್ಮೆ ತಾಗ್ಕೊಂಡು ಕೆಲಸ ಮಾಡತ್ತೆ. ಇನ್ನೊಂದ್ಸಲ ಹೋದ್ರೆ ಮೊದ್ಲು ಬಾಕ್ಸ್ ಮೇಲೆ ಕೈ ಇಟ್ಟು ನೋಡಿ, ತಣ್ಣಗಿದ್ರೆ ಮಾತ್ರ ನಿಮ್ಮ ಎದುರಿಗೇ ಆನ್ ಮಾಡ್ಸಿ.

ಫ್ರೆಂಡ್ ಹೇಳಿದ್ದು ಅರ್ಧ ಸರಿ. ಬರೀ ಓವರ್‌ಹೀಟ್‌ಗೆ ಎರಡು ಕೆಂಪು ಲೈಟ್ ಬರತ್ತೆ, ನಾಲ್ಕೂ ಬಂದ್ರೆ ಎವಿ ಕೇಬಲ್ ಸಿಕ್ಕಿಸಿಲ್ಲ ಅಂತ, ಮೂರು ಅಂದ್ರೇನೇ ಹಾರ್ಡ್‌ವೇರ್ ಹೋಗಿದೆ ಅಂತ. ಬಹಳ ವರ್ಷ ಎಲ್ರೂ ಚಿಪ್ಪು ಮದರ್‌ಬೋರ್ಡಿಗೆ ಕೂರೋ ಜಾಗದ ಸೋಲ್ಡರ್ ಬಾಲ್ (ಬೆಸುಗೆಯ ಪುಟ್ಟ ಗುಂಡು) ಬಿಟ್ಕೊಳ್ಳತ್ತೆ ಅಂತಲೇ ನಂಬಿದ್ರು, ಅದಕ್ಕೇ ಹೀಟ್ ಗನ್ನು, ಚಿಪ್ ತೆಗೆದು ಹೊಸ ಬಾಲ್ ಕೂರಿಸೋ ರಿಬಾಲಿಂಗು ಎಲ್ಲಾ ಶುರುವಾಗಿದ್ದು. ಆದ್ರೆ 2021ರಲ್ಲಿ ಮೈಕ್ರೋಸಾಫ್ಟ್‌ನವ್ರೇ ತಮ್ಮ ಡಾಕ್ಯುಮೆಂಟರಿಲಿ ಹೇಳಿದ್ದು, ಮುರೀತಿದ್ದದ್ದು ಬೋರ್ಡಿನ ಮೇಲಿನ ಬಾಲ್ ಅಲ್ಲ, ಚಿಪ್ ಪ್ಯಾಕೇಜಿನ ಒಳಗಿರೋ ಕನೆಕ್ಷನ್ನು. ಆನ್ ಮಾಡಿದ್ರೆ ಬಿಸಿ, ಆಫ್ ಮಾಡಿದ್ರೆ ತಣ್ಣಗೆ, ಸಿಲಿಕಾನ್ ಹಿಗ್ಗೋದೇ ಒಂದು ಲೆಕ್ಕ ಕೆಳಗಿನ ಹಸಿರು ತುಂಡು ಹಿಗ್ಗೋದೇ ಒಂದು ಲೆಕ್ಕ, ಮಧ್ಯ ಇರೋ ಚಿಕ್ಕ ಚಿಕ್ಕ ಬಂಪ್‌ಗಳು ತಂತಿನ ಆಚೆ ಈಚೆ ಬಗ್ಗಿಸಿ ಮುರಿದ ಹಾಗೆ ಬಿರುಕು ಬಿಡ್ತವೆ. ಮೇಲಿಂದ ಶಾಖ ಕೊಟ್ರೆ ಸ್ವಲ್ಪ ದಿನ ಮತ್ತೆ ತಾಗತ್ತೆ ಅಷ್ಟೇ, ಒಳಗಿನ ಬಿರುಕು ಎಲ್ಲೂ ಹೋಗಲ್ಲ. ಇದು ರಿಪೇರಿ ಅಲ್ಲ, ಮಾರೋವರೆಗೂ ಜೀವ ಹಿಡಿಸೋ ಕೆಲಸ.

ಹುಬ್ಳಿ_ಪ್ಯಾಡ್
ಟವೆಲ್ ಸುತ್ತಿ ಸರಿ ಮಾಡಾಕ ಹೋಗಿದ್ರಲ್ಲ ಮಂದಿ, ಅದನ್ನ ಬಿಟ್ರಲ್ರಿ ನೀವು 😂 ಅದೂ ಇದ ಹೀಟ್ ಗನ್ನಿನ ತಮ್ಮನ.
ಮೈಕ್ರೋಸಾಫ್ಟ್‌ನವ್ರು 2007 ಜುಲೈದಾಗ ಈ ಮೂರು ಲೈಟಿನ ಸಲುವಾಗಿ ವಾರಂಟಿ 3 ವರ್ಷಕ್ಕ ಏರಿಸಿ ನೂರು ಕೋಟಿ ಡಾಲರ್‌ಕ್ಕಿಂತ ಜಾಸ್ತಿ ರೊಕ್ಕ ತೆಗೆದಿಟ್ರು, ಸುಮ್ನ ಧೂಳಾಗಿದ್ರ ಯಾರು ಅಷ್ಟು ಇಡ್ತಾರ್ರಿ? ಹಂಗಂತ ಎಲ್ಲಾ 360 ಕೆಟ್ಟು ಅಲ್ಲ ಮತ್ತ. ಹಿಂದ ಪವರ್ ಪ್ಲಗ್ ಹಾಕೋ ಕಡೆ ಸ್ಟಿಕ್ಕರ್ ಇರ್ತೈತಿ, ಅದ್ರಾಗ ಆಂಪ್ (ಎಷ್ಟು ಕರೆಂಟ್ ಬೇಕು ಅನ್ನೋ ನಂಬರ್) ನೋಡ್ರಿ. 16.5 ಇದ್ರ ಒಳಗಿರೋದು ಶುರುವಿನ ಝೆನಾನ್ ಇಲ್ಲಾ ಝೆಫರ್ ಅನ್ನೋ ಬೋರ್ಡು, ಮುಟ್ಟಬ್ಯಾಡ್ರಿ. 14.2 ಅಂದ್ರ ಫಾಲ್ಕನ್, 12.1 ಅಂದ್ರ ಜಾಸ್ಪರ್, ದಪ್ಪನೂದ್ರಾಗ ಗಟ್ಟಿ ಅಂದ್ರ ಅದ. ಎಚ್‌ಡಿಎಂಐ ಪೋರ್ಟ್ ಇಲ್ಲಂದ್ರಂತೂ ಝೆನಾನ್ ಪಕ್ಕಾ.

ಸುಮ್ನೆ_ಓದೋಳು
ಪಕ್ಕಾ ಅಲ್ಲ ಸರ್, ಓಪಸ್ ಅಂತ ಒಂದಿದೆ, ವಾರಂಟಿಲಿ ಹಳೇ ಡಬ್ಬಕ್ಕೆ ಹಾಕಿ ಕೊಡ್ತಿದ್ದ ಬೋರ್ಡು, ಫಾಲ್ಕನ್ ಜಾತಿನೇ ಆದ್ರೆ ಎಚ್‌ಡಿಎಂಐ ಇರಲ್ಲ. ಹಾಗಾಗಿ ಪೋರ್ಟ್ ನೋಡಿ ಡಿಸೈಡ್ ಮಾಡ್ಬೇಡಿ, ಆಂಪ್ ನೋಡಿ.
ಮುಂದಿನ ಫೇಸ್‌ಪ್ಲೇಟ್ ಎಳೆದ್ರೆ ಬಂದ್ಬಿಡತ್ತೆ, ಅದರ ಹಿಂದೆ ಮೈಕ್ರೋಸಾಫ್ಟ್ ಸೀಲ್ ಸ್ಟಿಕ್ಕರ್ ಇರತ್ತೆ, ಹರಿದಿದ್ರೆ ಯಾರೋ ಬಿಚ್ಚಿದಾರೆ ಅಂತ. ನಿಮ್ಮ ಕೇಸಲ್ಲಿ ಅವ್ರೇ ಒಪ್ಕೊಂಡಿದಾರೆ ಬಿಡಿ.

ಚುರುಮುರಿ_ಗೇಮರ್
ಎಲ್ರಿಗೂ ಥ್ಯಾಂಕ್ಸ್. ಸ್ಟಿಕ್ಕರ್ ಫೋಟೋ ಕಳ್ಸಿ ಅಂದೆ, ಕಳ್ಸಿದ್ರು. 16.5 😐 ರಿಬಾಲ್ ಮಾಡ್ಸಿ ಕೊಡ್ತೀನಿ, ಮೇಲೆ 1500 ಕೊಡಿ ಅಂತಿದಾರೆ ಈಗ

ಬೋರ್ಡ್_ಬಿಚ್ಚೋನು
ಬೇಡ ಬೇಡ. ಅದೇ ಹಳೇ ಚಿಪ್ಪಿಗೆ ಹೊಸ ಬಾಲ್ ಕೂರಿಸಿದ್ರೆ ಒಳಗಿನ ಬಿರುಕಿಗೆ ಏನಾಗತ್ತೆ? ಗ್ರಾಫಿಕ್ಸ್ ಚಿಪ್ಪನ್ನೇ, ಅಂದ್ರೆ ಜಿಪಿಯುನೇ ಬದಲಾಯ್ಸೋ ಜನ ಇದಾರೆ, ಆದ್ರೆ ಆ ದುಡ್ಡಲ್ಲಿ 2010ರ ನಂತರದ ಸ್ಲಿಮ್ಮೇ ಹುಡುಕಬಹುದು, ಅದ್ರಲ್ಲಿ ಸಿಪಿಯು ಜಿಪಿಯು ಎರಡೂ ಒಂದೇ ಚಿಪ್ಪಲ್ಲಿವೆ, ಬಿಸಿ ಕಮ್ಮಿ, ಈ ರೋಗ ಅಷ್ಟಾಗಿ ಇಲ್ಲ. ಕಂಟ್ರೋಲರ್‌ನೂ ಹಾರ್ಡ್‌ಡಿಸ್ಕೂ ಮಾತ್ರ ಕೊಡ್ತಾರಾ ಕೇಳಿ. ಆ ಡಿಸ್ಕಿನ ಪ್ಲಾಸ್ಟಿಕ್ ಕವಚ ಬಿಚ್ಚಿದ್ರೆ ಒಳಗೆ ಮಾಮೂಲಿ ಲ್ಯಾಪ್‌ಟಾಪ್ ಸೈಜಿನ ಸಾಟಾ ಡ್ರೈವು, ಸ್ಲಿಮ್ ಒಳಗೆ ಕೂರತ್ತೆ, ಸ್ಲಾಟಲ್ಲಿ ಅಲ್ಲಾಡದ ಹಾಗೆ ಒಂದು ರಟ್ಟಿನ ತುಂಡು ಇಟ್ರೆ ಆಯ್ತು. 1000ಕ್ಕಿಂತ ಜಾಸ್ತಿ ಕೊಡ್ಬೇಡಿ.

ಹುಬ್ಳಿ_ಪ್ಯಾಡ್
ಕಂಟ್ರೋಲರ್ ಅನಲಾಗ್ ಸ್ಟಿಕ್ ತಿರುಗಿಸಿ ನೋಡ್ಕೊಂಡ ತಗೋರಿ ಮತ್ತ.