ಅಪ್‌ಡೇಟ್: ಮಗ ಸ್ಕೌಟ್ಸ್ ಕ್ಯಾಂಪಿಗೆ ಹೋಗಿ ಬಂದ

ರಾತ್ರಿ ನಮ್ಮನ್ನು ಬಿಟ್ಟು ಮಲಗಿದವನೇ ಅಲ್ಲ, ಆರನೇ ಕ್ಲಾಸಿನ ಮಗನನ್ನು ದೊಡ್ಡಬಳ್ಳಾಪುರದ ಕ್ಯಾಂಪಿಗೆ ಕಳಿಸಲೋ ಬೇಡವೋ ಅಂತ ಕೇಳಿದ್ದೆನಲ್ಲ, ಕಳಿಸಿದೆವು. ಟೆಂಟ್ ತುಂಬ ಹುಡುಗರು, ಹರಟೆ ಮುಗಿದರೆ ತಾನೇ ಮನೆ ನೆನಪಾಗೋದು! ಗೋಳಾಡಿದ್ದೆಲ್ಲ ಊಟದ ತಟ್ಟೆ ತಾನೇ ತೊಳೆಯಬೇಕು ಅನ್ನೋದಕ್ಕೆ. ಈಗ ಮನೆಯಲ್ಲೂ ತೊಳೀತಾನೆ, ಅಜ್ಜಿ ನೋಡುತ್ತಿದ್ದರೆ ಮಾತ್ರ.

ಗಂಟಿನ ಹುಚ್ಚು ಬೇರೆ ಹಿಡಿದಿದೆ. "ಬಲ ಎಡದ ಮೇಲೆ, ಎಡ ಬಲದ ಮೇಲೆ" ಅಂತ ಗೊಣಗುತ್ತಾ ರೀಫ್ ನಾಟ್ ಹಾಕ್ತಾನೆ. ಬಟ್ಟೆ ಒಣಹಾಕುವ ಹಗ್ಗ ಕಿಟಕಿ ಸರಳಿಗೆ ಕ್ಲೋವ್ ಹಿಚ್ ಅನ್ನೋ ಗಂಟಿನಲ್ಲಿ ಬಿಗಿದಿದೆ, ಒದ್ದೆ ಬೆಡ್‌ಶೀಟ್ ಹಾಕಿದರೂ ಜಾರಿಲ್ಲ. ಬಂದವರಿಗೆಲ್ಲ ಸ್ಕೌಟ್ ಪದ್ಧತಿಯಂತೆ ಎಡಗೈ ಚಾಚೋದು ಮಾತ್ರ ನಮ್ಮತ್ತೆಗೆ ಇನ್ನೂ ಸರಿಬಂದಿಲ್ಲ.

ಸ್ಕೌಟ್ಸ್‌ನ ಮೊದಲ ಹಂತ 'ಪ್ರವೇಶ' ಮುಗಿದಿದೆ, ಮುಂದಿನ ಹಂತ 'ಪ್ರಥಮ ಸೋಪಾನ'. ಕಳಿಸುವವರು ಟಾರ್ಚ್ ಜೊತೆ ದಪ್ಪ ಹೊದಿಕೆಯನ್ನೂ ಕೊಡಿ.