ಎಲ್‌ಜಿಡಿ ಫೈನಲ್‌ಗಳಲ್ಲಿ ಸೋತಿದ್ದು ಧೈರ್ಯ ಸಾಲದೆಯೇ?

ಹೊಸ ನೋಡುಗ ಕೇಳಿದ್ದು:

2025ರ ಸೆಪ್ಟೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ನಡೆದ ‘ದಿ ಇಂಟರ್‌ನ್ಯಾಷನಲ್’ ಎಂಬ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ ನೋಡಿದ ಮೇಲೆ ನನಗೆ ಡೋಟಾ 2 ಎಂಬ, ಐವರ ಎರಡು ತಂಡಗಳು ಆಡುವ ಕಂಪ್ಯೂಟರ್ ಆಟದ ಹುಚ್ಚು ಹಿಡಿದಿದೆ. ಎಕ್ಸ್‌ಟ್ರೀಮ್ ಗೇಮಿಂಗ್ ತಂಡ ಫಾಲ್ಕನ್ಸ್ ಎದುರು 3–2ರಿಂದ ಸೋತಿತು. ಆ ತಂಡದ ಕ್ಯಾರಿ (ಚಿನ್ನ ಕೂಡಿಸಿ ಕೊನೆಗೆ ತಂಡವನ್ನು ಗೆಲ್ಲಿಸಬೇಕಾದ) ಆಟಗಾರ ವಾಂಗ್ ಚುನ್ಯು, ಅಂದರೆ ಅಮೆ, ಹಿಂದೆ ಚೀನಾದ ಎಲ್‌ಜಿಡಿ ತಂಡದಲ್ಲಿದ್ದಾಗಲೂ ಎರಡು ಬಾರಿ ಹೀಗೆಯೇ ಐದನೇ ಆಟದಲ್ಲಿ ಟ್ರೋಫಿ ಕಳೆದುಕೊಂಡರು ಎಂದು ಆಮೇಲೆ ಓದಿದೆ. ಒಮ್ಮೆಯೂ ಇಂಟರ್‌ನ್ಯಾಷನಲ್ ಗೆಲ್ಲದ ಎಲ್‌ಜಿಡಿಯನ್ನು ಹಳಬರು ಚೀನಾದ ಅತಿ ದೊಡ್ಡ ತಂಡಗಳ ಸಾಲಿಗೆ ಸೇರಿಸುವುದೇಕೆ? ನಿರ್ಣಾಯಕ ಗಳಿಗೆಯಲ್ಲಿ ಅವರ ಕೈ ನಡುಗುತ್ತದೆ ಎನ್ನುವುದು ನಿಜವೇ? ಯಾವ ಪಂದ್ಯಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ?

ಮಧ್ಯದ ಲೇನ್ ಉತ್ತರ:

ನಿಜ ಎಂದೇ ನನ್ನ ಅನಿಸಿಕೆ. 2018ರ ಫೈನಲ್‌ನಲ್ಲಿ 2–1ರ ಮುನ್ನಡೆ ಇತ್ತು, ಉಳಿಸಿಕೊಳ್ಳಲಿಲ್ಲ. 2021ರಲ್ಲಿ ಎಲ್ಲರೂ ಅವರೇ ಗೆಲ್ಲುತ್ತಾರೆ ಎಂದುಕೊಂಡಿದ್ದರು, ಸೋತರು. ದೊಡ್ಡ ತಂಡ ಎನ್ನಿಸಿಕೊಳ್ಳಲು ಕೊನೆಯ ಆಟ ಗೆಲ್ಲಬೇಕು.

ಹಳೆಯ ರೀಪ್ಲೇ ಉತ್ತರ:

ಈ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಎರಡು ಫೈನಲ್‌ಗಳನ್ನು ಒಂದೇ ಗಂಟಿಗೆ ಕಟ್ಟಿ ‘ಧೈರ್ಯವಿಲ್ಲ’ ಎಂದು ಚೀಟಿ ಅಂಟಿಸುವುದು ಸುಲಭ. ಬಿಡಿಸಿ ನೋಡಿದರೆ ಅವೆರಡೂ ಬೇರೆ ಬೇರೆ ಸೋಲುಗಳು.

ಮೊದಲು ಸ್ವಲ್ಪ ಹಿನ್ನೆಲೆ. ತಂಡ ಹುಟ್ಟಿದ್ದು 2009ರಲ್ಲಿ. ಗುಯಿಝೌ ಪ್ರಾಂತ್ಯದ ಲಾವೊಗಾನ್‌ಡಿಯೆ ಎಂಬ ಮೆಣಸಿನಕಾಯಿ ಸಾಸ್ ಕಂಪನಿ ಪ್ರಾಯೋಜಕತ್ವ ವಹಿಸಿದ್ದರಿಂದ ಎಲ್‌ಜಿಡಿ ಎಂಬ ಹೆಸರು ಬಂತು. ‘ರುರು’ ಎಂದೇ ಎಲ್ಲರಿಗೂ ಪರಿಚಿತರಾದ ಪಾನ್ ಜಿಯೆ ಅದನ್ನು ನಡೆಸಿಕೊಂಡು ಬಂದರು. ಗಂಡಸರೇ ತುಂಬಿದ್ದ ಆ ಲೋಕದಲ್ಲಿ ಒಬ್ಬ ಮಹಿಳೆ ಇಷ್ಟು ವರ್ಷ ಒಂದು ತಂಡವನ್ನು ಮೇಲ್ಮಟ್ಟದಲ್ಲೇ ಉಳಿಸಿದ್ದು ನನಗೆ ಯಾವ ಟ್ರೋಫಿಗೂ ಕಡಿಮೆಯದಾಗಿ ಕಾಣುವುದಿಲ್ಲ.

2012ರಲ್ಲಿ ಸಿಯಾಟಲ್‌ನಲ್ಲಿ ಗುಂಪು ಹಂತದ 14 ಆಟಗಳನ್ನೂ ಗೆದ್ದರು, ಒಂದನ್ನೂ ಸೋಲಲಿಲ್ಲ. ಕೊನೆಗೆ ಸಿಕ್ಕಿದ್ದು ಮೂರನೇ ಸ್ಥಾನ. ಟ್ರೋಫಿ ಚೀನಾದ್ದೇ ಆದ ಇನ್ವಿಕ್ಟಸ್ ಗೇಮಿಂಗ್ ಪಾಲಾಯಿತು. 2015ರಲ್ಲಿ ಮತ್ತೆ ಮೂರನೆಯವರು. ಆ ವರ್ಷ ಫೈನಲ್ ತಲುಪಿದ ಸಿಡಿಇಸಿ, ಎಲ್‌ಜಿಡಿಯ ಕಿರಿಯರ ತಂಡವಾಗಿ ಶುರುವಾದದ್ದು ಎಂಬುದನ್ನು ಮರೆಯಬಾರದು. 2017ರಲ್ಲಿ ಅವರ ಇನ್ನೊಂದು ತಂಡ ಎಲ್‌ಎಫ್‌ವೈ ಮೂರನೇ ಸ್ಥಾನ ಪಡೆಯಿತು.

ಈಗ 2018. ಏಪ್ರಿಲ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ಫುಟ್‌ಬಾಲ್ ಕ್ಲಬ್ ಜೊತೆ ಕೈಜೋಡಿಸಿ ಪಿಎಸ್‌ಜಿ.ಎಲ್‌ಜಿಡಿ ಆದರು. ತಂಡದಲ್ಲಿದ್ದವರು ಅಮೆ, ಸಾಮ್ನಸ್, ಚಾಲಿಸ್, ಎಫ್‌ವೈ ಮತ್ತು ಮಲೇಷ್ಯಾದ ಎಕ್ಸ್‌ನೋವಾ. ಮೇ ತಿಂಗಳೊಂದರಲ್ಲೇ ಮಾಸ್ಕೋದ ಎಪಿಸೆಂಟರ್ ಮತ್ತು ಚಾಂಗ್‌ಶಾ ಮೇಜರ್ ಎಂಬ ದೊಡ್ಡ ಟೂರ್ನಿಗಳೆರಡನ್ನೂ ಗೆದ್ದರು. ಆಗಸ್ಟ್‌ನಲ್ಲಿ ವ್ಯಾಂಕೂವರ್‌ಗೆ ಹೋದಾಗ ಚೀನಾದ ಅಭಿಮಾನಿಗಳಿಗೆ ಇನ್ನೊಂದು ನಂಬಿಕೆಯೂ ಇತ್ತು: 2012, 2014, 2016, ಹೀಗೆ ಸಮಸಂಖ್ಯೆಯ ವರ್ಷಗಳಲ್ಲಿ ಚೀನಾದ ತಂಡವೇ ಗೆಲ್ಲುತ್ತಾ ಬಂದಿತ್ತು.

ಎದುರಾಳಿ ಒಜಿ. ಟೂರ್ನಿಗೆ ಸ್ವಲ್ಪ ಮುಂಚೆ ಒಡೆದು, ಕೋಚ್ ಆಗಿದ್ದ ಸೆಬ್‌ ಅವರನ್ನೇ ಆಟಕ್ಕಿಳಿಸಿ, ಮುಕ್ತ ಅರ್ಹತಾ ಸುತ್ತಿನಿಂದ ಏರಿ ಬಂದಿದ್ದ ತಂಡ. ನಾಲ್ಕನೇ ಆಟದಲ್ಲಿ ಎಲ್‌ಜಿಡಿ ಮುಂದಿತ್ತು. ಅದೊಂದನ್ನು ಮುಗಿಸಿದ್ದರೆ ಟ್ರೋಫಿ ಅವರದೇ. ಆಗ ಸೆಬ್ ಆಡುತ್ತಿದ್ದ ಆಕ್ಸ್ ಎಂಬ ಹೀರೋ (ಆಟಗಾರ ನಡೆಸುವ ಪಾತ್ರ), ತಟ್ಟನೆ ಜಾಗ ಬದಲಿಸಲು ಬಿಡುವ ಬ್ಲಿಂಕ್ ಡ್ಯಾಗರ್ ಬಳಸಿ ಎದುರಾಳಿಗಳ ನಡುವೆಯೇ ಹಾರಿ ಬಿದ್ದು ಬರ್ಸರ್ಕರ್ಸ್ ಕಾಲ್ ಎಂಬ ಕೂಗು ಹಾಕುತ್ತಾನೆ. ಆ ಕೂಗಿಗೆ ಸಿಕ್ಕವರು ಆ ಕೆಲವು ಕ್ಷಣ ಬೇರೇನೂ ಮಾಡುವಂತಿಲ್ಲ, ಆಕ್ಸ್‌ನನ್ನು ಹೊಡೆಯುತ್ತಲೇ ಇರಬೇಕು. ಅಷ್ಟರಲ್ಲಿ ಉಳಿದ ನಾಲ್ವರು ಮೇಲೆ ಬೀಳುತ್ತಾರೆ. ಈ ಭಾಗವನ್ನು ನಿಧಾನಗತಿಯಲ್ಲಿ ನೋಡಿ. ಅಲ್ಲಿ ಎಲ್‌ಜಿಡಿಯವರು ಹೆದರಿ ಹಿಂದೆ ಸರಿದವರಲ್ಲ, ಆಟ ಮುಗಿಸಲು ಮುಂದೆ ನುಗ್ಗಿದವರು. ಮುನ್ನಡೆ ಸಾಧಿಸಿ ಎದುರಾಳಿಯ ಉಸಿರುಕಟ್ಟಿಸುವುದು ಅವರ ಶೈಲಿ. ಒಜಿ ಮಾತ್ರ ಹಿಂದೆ ಬಿದ್ದಾಗಲೂ ಆಟದಲ್ಲಿ ಗಳಿಸಿದ ಚಿನ್ನ ಸುರಿದು ಸತ್ತ ಹೀರೋಗಳನ್ನು ಮತ್ತೆ ಎಬ್ಬಿಸಿ ಜಗಳಕ್ಕೆ ಬರುತ್ತಿತ್ತು. ಅಂಥ ತಂಡವನ್ನು ಮುಗಿಸುವ ಬಗೆ ಆ ವರ್ಷ ಯಾರಿಗೂ ತಿಳಿದಿರಲಿಲ್ಲ. ಮರುವರ್ಷ ಶಾಂಘೈನಲ್ಲೂ ಇದೇ ಒಜಿ ಅವರನ್ನು ಅಪ್ಪರ್ ಬ್ರಾಕೆಟ್ (ನಾಕೌಟ್‌ನಲ್ಲಿ ಇನ್ನೂ ಸೋಲದ ತಂಡಗಳ ಸಾಲು) ಫೈನಲ್‌ನಲ್ಲಿ ತಡೆಯಿತು. ತವರಿನ ಪ್ರೇಕ್ಷಕರ ಮುಂದೆ ಮೂರನೇ ಸ್ಥಾನ. ಟ್ರೋಫಿಯನ್ನೂ ಒಜಿಯೇ ಒಯ್ದಿತು.

2021ರ ಬುಕಾರೆಸ್ಟ್ ಫೈನಲ್ ಇದಕ್ಕೆ ತದ್ವಿರುದ್ಧ. ಕೋವಿಡ್ ಹೆಚ್ಚಿದ್ದರಿಂದ ಪ್ರೇಕ್ಷಕರಿಲ್ಲದ ಕ್ರೀಡಾಂಗಣ, ಸುಮಾರು 4 ಕೋಟಿ ಡಾಲರ್ ಬಹುಮಾನ ಮೊತ್ತ. ಟೀಮ್ ಸ್ಪಿರಿಟ್ ಮೊದಲ ಎರಡು ಆಟಗಳನ್ನು ಗೆದ್ದುಬಿಟ್ಟಿತು. ಇನ್ನೊಂದು ಸೋತರೆ ಕಥೆ ಮುಗಿಯಿತು ಎನ್ನುವಾಗ ಎಲ್‌ಜಿಡಿ ಮೂರನೆಯದನ್ನೂ ನಾಲ್ಕನೆಯದನ್ನೂ ಗೆದ್ದಿತು. ಕೈ ನಡುಗುವವರು 0–2ರಿಂದ 2–2ಕ್ಕೆ ಬರುತ್ತಾರೆಯೇ? ‘ಮಧ್ಯದ ಲೇನ್’ ಅವರೇ, ಇದಕ್ಕೆ ನೀವು ಉತ್ತರ ಹೇಳಬೇಕು.

ಆ ಸರಣಿ ಕೈಬಿಟ್ಟಿದ್ದು ಡ್ರಾಫ್ಟ್‌ನಲ್ಲಿ, ಅಂದರೆ ಆಟಕ್ಕೆ ಮುಂಚೆ ತಂಡಗಳು ತಮ್ಮ ಹೀರೋಗಳನ್ನು ಆರಿಸಿ, ಕೆಲವನ್ನು ಯಾರೂ ಆಡದಂತೆ ಬ್ಯಾನ್ ಮಾಡುವ ಹಂತದಲ್ಲಿ. ಐದನೇ ಆಟದಲ್ಲಿ ಸ್ಪಿರಿಟ್‌ನ ಆಟಗಾರ ಕೊಲ್ಯಾಪ್ಸ್‌ಗೆ ಮ್ಯಾಗ್ನಸ್ ಎಂಬ ಹೀರೋ ಸಿಕ್ಕಿತು. ಸುತ್ತಲಿನ ಎದುರಾಳಿಗಳನ್ನು ಒಂದೇ ಕಡೆಗೆ ಸೆಳೆದು ಮರಗಟ್ಟಿಸುವ, ಸಿಕ್ಕವರನ್ನು ಕೊಂಬಿನಿಂದ ದೂರಕ್ಕೆ ಎಳೆದೊಯ್ಯುವ ಆ ಹೀರೋವನ್ನು ಆತ ಹೇಗೆ ಆಡುತ್ತಾನೆ ಎಂಬುದು ಟೂರ್ನಿಯುದ್ದಕ್ಕೂ ಕಂಡಿತ್ತು. ಬ್ಯಾನ್ ಮಾಡಬಹುದಿತ್ತು, ಮಾಡಲಿಲ್ಲ. ನನ್ನ ಮಟ್ಟಿಗೆ ಟ್ರೋಫಿ ಜಾರಿದ್ದು ಅಲ್ಲೇ, ಆಟ ಶುರುವಾಗುವ ಮೊದಲೇ.

ಮಧ್ಯದ ಲೇನ್ ಉತ್ತರ:

0–2ರಿಂದ ಎದ್ದು ಬಂದಿದ್ದು ದೊಡ್ಡದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಡ್ರಾಫ್ಟ್ ಕೂಡ ಒತ್ತಡದಲ್ಲೇ ನಡೆಯುತ್ತದೆಯಲ್ಲವೇ? ಅಲ್ಲಿ ಎಡವಿದರೂ ಒತ್ತಡಕ್ಕೆ ಎಡವಿದಂತೆಯೇ.

ಸಪೋರ್ಟ್ ಪ್ರಿಯ ಉತ್ತರ:

ಆ ಸಲ ಕೋಚ್ ಆಗಿದ್ದವರು ಝಾಂಗ್ ನಿಂಗ್, ಅಂದರೆ ಶಿಯಾವೊ8. 2012ರಲ್ಲಿ 14 ಆಟ ಗೆದ್ದ ಎಲ್‌ಜಿಡಿಯಲ್ಲಿ ಆಡಿದವರು, 2014ರಲ್ಲಿ ನ್ಯೂಬಿ ಪರ ಇಂಟರ್‌ನ್ಯಾಷನಲ್ ಗೆದ್ದವರು. ಆಟಗಾರರಾದ ಫೇಯ್ತ್‌ಬಿಯಾನ್ ಮತ್ತು ವೈ ಇಬ್ಬರೂ 2016ರ ಚಾಂಪಿಯನ್ ವಿಂಗ್ಸ್‌ನಿಂದ ಬಂದವರು. ಒತ್ತಡ ಎಂದರೇನೆಂದು ಈ ಮೂವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮ್ಯಾಗ್ನಸ್‌ನನ್ನು ಬಿಟ್ಟುಕೊಟ್ಟರೂ ನಿಭಾಯಿಸುತ್ತೇವೆ ಎಂದು ಲೆಕ್ಕ ಹಾಕಿಯೇ ಬಿಟ್ಟಿದ್ದಾರೆ ಎಂದು ನಾನು ಓದಿಕೊಳ್ಳುತ್ತೇನೆ. ಲೆಕ್ಕ ಕೈಕೊಟ್ಟಿತು.

ಹೊಸ ನೋಡುಗ ಉತ್ತರ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು. ಹಾಗಾದರೆ ಟ್ರೋಫಿ ಗೆದ್ದ ಚೀನಾದ ತಂಡಗಳಿಗಿಂತ ಎಲ್‌ಜಿಡಿ ದೊಡ್ಡದು ಎನ್ನುತ್ತೀರಾ? ಸ್ಪಿರಿಟ್ ಎದುರು ಆಮೇಲೆ ಸೇಡು ತೀರಿಸಿಕೊಂಡರೇ?

ಹಳೆಯ ರೀಪ್ಲೇ ಉತ್ತರ:

ಎರಡನೆಯದಕ್ಕೆ ಮೊದಲು: 2022ರ ಜುಲೈನಲ್ಲಿ ರಿಯಾದ್ ಮಾಸ್ಟರ್ಸ್ ಫೈನಲ್‌ನಲ್ಲಿ ಸ್ಪಿರಿಟ್ ತಂಡವನ್ನು ಸೋಲಿಸಿದರು. ಮುಂದಿನ ತಿಂಗಳೇ ಆರ್ಲಿಂಗ್ಟನ್ ಮೇಜರ್ ಫೈನಲ್‌ನಲ್ಲಿ ಸ್ಪಿರಿಟ್ ಅದನ್ನು ತಿರುಗಿಸಿ ಕೊಟ್ಟಿತು.

ದೊಡ್ಡದು ಎಂಬುದಕ್ಕೆ ನನ್ನ ಅಳತೆಗೋಲು ಬೇರೆ. ವಿಂಗ್ಸ್ 2016ರಲ್ಲಿ ಆಡಿದಷ್ಟು ಚೆಂದದ ಡೋಟಾವನ್ನು ನಾನು ಬೇರೆಲ್ಲೂ ನೋಡಿಲ್ಲ, ಆದರೆ 2017ರಲ್ಲೇ ಆ ತಂಡ ಚದುರಿಹೋಯಿತು. ನ್ಯೂಬಿ 2020ರಲ್ಲಿ ಪಂದ್ಯ ಫಿಕ್ಸಿಂಗ್ ಕಾರಣಕ್ಕೆ ಚೀನಾದ ಟೂರ್ನಿಗಳಿಂದಲೇ ನಿಷೇಧಕ್ಕೊಳಗಾಯಿತು. ಎಲ್‌ಜಿಡಿ 2012ರಲ್ಲಿ ಮೂರನೆಯದು, 2023ರಲ್ಲಿ, ಅಮೆ ಇಲ್ಲದೆಯೂ, ಸಿಯಾಟಲ್‌ನಲ್ಲಿ ಮತ್ತೆ ಮೂರನೆಯದು. ನಡುವೆ ಆಟಗಾರರು ಬದಲಾದರು, ಆಟದ ನಿಯಮಗಳೇ ಬದಲಾದವು, ಒಂದು ಫುಟ್‌ಬಾಲ್ ಕ್ಲಬ್ ಬಂದು ಹೋಯಿತು. ಹ್ಯಾಂಬರ್ಗ್‌ನಲ್ಲಿ ನೀವು ನೋಡಿದ ಎಕ್ಸ್‌ಟ್ರೀಮ್‌ನಲ್ಲೂ ಅಮೆ, ಎಕ್ಸ್‌ನೋವಾ, ಶಿನ್‌ಕ್ಯೂ ಮೂವರೂ ಎಲ್‌ಜಿಡಿ ಪರ ಇಂಟರ್‌ನ್ಯಾಷನಲ್ ಫೈನಲ್ ಆಡಿದವರೇ.

ನೋಡುವುದಾದರೆ 2018ರ ಫೈನಲ್‌ನ ಎರಡನೇ ಆಟದಿಂದ ನಾಲ್ಕನೇ ಆಟದವರೆಗೆ ಒಂದೇ ಕೂರಿಕೆಯಲ್ಲಿ ನೋಡಿ, ಎಫ್‌ವೈ ಮೇಲೆ ಕಣ್ಣಿಡಿ. ಆಮೇಲೆ 2021ರ ಜೂನ್‌ನ ಆನಿಮೇಜರ್ ಫೈನಲ್. ಇವಿಲ್ ಜೀನಿಯಸಸ್ ತಂಡವನ್ನು 3–0ಯಿಂದ ಮಣಿಸಿದ್ದು. ಬುಕಾರೆಸ್ಟ್‌ನಲ್ಲಿ ಅವರೇ ಗೆಲ್ಲುತ್ತಾರೆ ಎಂದು ಎಲ್ಲರೂ ಏಕೆ ನಂಬಿದ್ದರು ಎಂಬುದು ಅದನ್ನು ನೋಡಿದರೆ ಗೊತ್ತಾಗುತ್ತದೆ. ಬುಕಾರೆಸ್ಟ್ ಫೈನಲ್ ಮಾತ್ರ ಡ್ರಾಫ್ಟ್ ಹಂತವನ್ನು ದಾಟಿಸದೆ ನೋಡಿ, ಐದನೇ ಆಟದ ಬ್ಯಾನ್‌ಗಳನ್ನು ಬರೆದಿಟ್ಟುಕೊಳ್ಳಿ. ನಿಮಗೇನು ಅನ್ನಿಸಿತು ಎಂದು ಇಲ್ಲೇ ಬರೆಯಿರಿ, ‘ಮಧ್ಯದ ಲೇನ್’ ಜೊತೆಗಿನ ವಾದ ಅಲ್ಲಿಂದ ಮುಂದುವರಿಸೋಣ.