ಅಪ್‌ಡೇಟ್: ತಮ್ಮನ ಮೊದಲ ಬಿಲ್ಲು ಬಂತು

ಕಾಸರಗೋಡಿನಿಂದ, ಹದಿನೈದರ ತಮ್ಮನಿಗೆ ಮೊದಲ ಬಿಲ್ಲು ಯಾವುದು ಆಗಬಹುದೆಂದು ಕೇಳಿದ್ದೆ. 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಬೇಟೆಗಲ್ಲ, ಗುರಿಹಲಗೆಗೆ ಮಾತ್ರ.

ಚಾಚಿದ ತೋಳುಗಳ ಅಗಲವನ್ನು 2.5ರಿಂದ ಭಾಗಿಸಿ ಎಂದವರ ಲೆಕ್ಕ ಸರಿಹೋಯಿತು: 65 ಇಂಚಿಗೆ 26 ಇಂಚು ಎಳೆತ (ಪೂರ್ತಿ ಎಳೆದಾಗ ಬಿಲ್ಲಿನ ಹಿಡಿಯಿಂದ ಹೆದೆಯವರೆಗಿನ ದೂರ). ಬಿಚ್ಚಿ ಜೋಡಿಸುವ 66 ಇಂಚಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು), 24 ಪೌಂಡಿನ ಲಿಂಬ್ (ಬಿಲ್ಲಿನ ಬಾಗುವ ಪಟ್ಟಿಗಳು) ತಗೊಂಡೆವು. ಲಿಂಬ್ ಮೇಲೆ ಬರೆದ ಪೌಂಡ್, ಅಂದರೆ ಎಳೆಯಲು ಬೇಕಾದ ಬಲ, 28 ಇಂಚಿನ ಎಳೆತಕ್ಕಂತೆ! ಒಂದಿಂಚು ಕಮ್ಮಿಯಾದರೆ ಸುಮಾರು 2 ಪೌಂಡ್ ಇಳಿಯುತ್ತದೆ, ಹಾಗಾಗಿ ಅವನ ಕೈಗೆ ಸಿಗುವುದು 20 ಅಷ್ಟೇ. ಅದೇ ಸಾಕು.

"ಬೆಳೆಯುವ ಹುಡುಗ, 40 ಪೌಂಡೇ ಇರಲಿ" ಎಂಬ ಸಲಹೆ ನಡೆಯಲಿಲ್ಲ. ಅಂಗಡಿಯಲ್ಲಿ ಎಳೆದಾಗ ಹೆದೆ ಗಲ್ಲಕ್ಕೆ ತಾಗುವ ಮೊದಲೇ ಭುಜ ಮೇಲೆದ್ದು ಕೈ ನಡುಗಿತು.

ಹೆದೆಯೇರಿಸಲು ಬಳಸುವ ಸ್ಟ್ರಿಂಗರ್ ಹಗ್ಗ ಮಾತ್ರ ಬಿಡಬೇಡಿ. ಕಾಲಿಗೆ ಸಿಕ್ಕಿಸಿ ಬಗ್ಗಿಸಿ ಹೆದೆಯೇರಿಸಿದರೆ ಲಿಂಬ್ ತಿರುಚಿಕೊಳ್ಳುತ್ತದೆ.